ಕೌದಿ ಹೊಲಿಯುವ ಕೈಗೆ ತಲೆಯಿಲ್ಲವೆ?

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿ ಕಂಡಾಗ ನಾವು ಹೇಳುವುದು ಎರಡೇ ಮಾತು. ಒಂದು, 'ಹಳೇ ಬಟ್ಟೆಯ ಒಳ್ಳೆಯ ಬಳಕೆ.' ಇನ್ನೊಂದು, 'ಆಫ್ರಿಕದ ರಕ್ತ ನೋಡಿ, ಬಣ್ಣ ತಾನಾಗಿಯೇ ಬರುತ್ತದೆ.' ಎರಡರಲ್ಲೂ ಮೆಚ್ಚುಗೆಯಿದೆ, ಯೋಚಿಸುವ ಹೆಣ್ಣು ಮಾತ್ರ ಇಲ್ಲ.

ತಾನಾಗಿಯೇ ಬರುತ್ತದೆಯೆ? ಹಳೆಯ ಸೀರೆಯನ್ನು ಅಡಿಗೆ ಹಾಸಿ ಅಂಚಿನಿಂದ ಶುರು ಮಾಡುತ್ತಾರೆ. ತುಂಡಿನ ಅಂಚನ್ನು ಒಳಗೆ ಮಡಚಿ, ಹಿಂದಿನ ತುಂಡಿನ ಮೇಲೆ ಹತ್ತಿಸಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಅಮೆರಿಕದವರ ಚೌಕಗಳ ಕೌದಿಯಲ್ಲಿ ಒಂದೊಂದು ಚೌಕವನ್ನೂ ಬೇರೆಯಾಗಿ ಹೊಲಿದು, ನೆಲದ ಮೇಲೆ ಹರಡಿ, ಅದಲುಬದಲು ಮಾಡಿ ನೋಡಿ ಆಮೇಲೆ ಜೋಡಿಸಬಹುದು. ಇಲ್ಲಿ ಆ ಸವಲತ್ತಿಲ್ಲ. ಅಂಚಿನಲ್ಲಿ ಕೆಂಪು ಕೂತರೆ ಕೂತಿತು. ಅದಕ್ಕೆ ಉತ್ತರವನ್ನು ಮುಂದಿನ ಸುತ್ತಿನಲ್ಲಿ ಕಡುನೀಲಿಯಲ್ಲೋ ಹಳದಿಯಲ್ಲೋ, ಅದೂ ಇದ್ದ ಚಿಂದಿಯಲ್ಲೇ ಕೊಡಬೇಕು. ಮೂಲೆಗಳಿಗೆ ಮಡಚಿದ ತ್ರಿಕೋನದ 'ಫುಲಾ'. ಚಳಿ ತಡೆಯಲು ಅದು ಬೇಕಿಲ್ಲ. ಆದರೂ ಅದಿಲ್ಲದ ಕೌದಿಯನ್ನು ಅವರು ಕೌದಿಯೆಂದು ಒಪ್ಪುವುದಿಲ್ಲ.

ಇದನ್ನೆಲ್ಲ ರಕ್ತದ ಲೆಕ್ಕಕ್ಕೆ ಬರೆಯುವುದು ಹೊಗಳಿಕೆಯ ವೇಷ ಹಾಕಿದ ಅವಮಾನ. (ಧಾರವಾಡ ಕಡೆಯ ಅಜ್ಜಿಯರೂ ಕೌದಿ ಹೊಲಿದವರೇ, ಅವರ ರಕ್ತವನ್ನು ಯಾರೂ ವಿಚಾರಿಸಲಿಲ್ಲ.) ತಮ್ಮ ಮನೆಯ ಗೋಡೆಗೆ ಹೊಂದಲೆಂದು 'ಕೆಂಪು ಬೇಡ, ತಿಳಿ ಬಣ್ಣ ಹಾಕಿ' ಎನ್ನುವ ಕೊಳ್ಳುಗರು ಅವಳ ಕೈಯನ್ನಷ್ಟೇ ಕೊಳ್ಳುತ್ತಾರೆ. ಆಮೇಲೆ ಚೌಕಾಸಿ: ಚಿಂದಿ ತಾನೆ!

ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆಗೇರಿದಾಗ, ಹೊಲಿದವರ ಹೆಸರೂ ಜೊತೆಗಿತ್ತು. ನಮ್ಮ ಕರಕುಶಲ ಮೇಳದ ಚೀಟಿಯಲ್ಲಿ 'ಸಿದ್ದಿ ಕೌದಿ' ಎಂದು ಬರೆದ ಮೇಲೂ ಒಂದು ಹೆಸರಿಗೆ ಜಾಗ ಉಳಿಯುತ್ತದೆ.