ತಮಾಷೆಗೆ ಕೊಟ್ಟ ಆಲ್ಬಂ

ಮಕ್ಕಳೇ, ಮಹಾಂತಪ್ಪ ಅಂದರೆ ನಮ್ಮ ಆನಗೋಡಿನ ಕಡೆ ಕೇಳಿದ ಹೆಸರೇ. ಅಮೆರಿಕದ ಜಾಝ್ ಸಂಗೀತಗಾರರೊಬ್ಬರ ಹೆಸರೂ ಅದೇ: ರುದ್ರೇಶ್ ಮಹಾಂತಪ್ಪ. ಅವರು ನುಡಿಸುವುದು ಸ್ಯಾಕ್ಸೊಫೋನ್. ಒಮ್ಮೆ ಅವರ ಅಣ್ಣ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಆಲ್ಬಂ ತಂದುಕೊಟ್ಟರು, ಬರೀ ತಮಾಷೆಗೆ! ಅದರಲ್ಲಿ ನುಡಿಸಿದ್ದವರು ನಮ್ಮ ಕದ್ರಿ ಗೋಪಾಲನಾಥ್.

ಬಂಟ್ವಾಳ ತಾಲ್ಲೂಕಿನ ನಾಗಸ್ವರದ ಮನೆಯ ಹುಡುಗ ಗೋಪಾಲನಾಥ್, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ವರ್ಷಗಟ್ಟಲೆ ಸಾಧನೆ ಮಾಡಿ, ಆ ವಿದೇಶಿ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು.

ರುದ್ರೇಶ್ ಆ ಆಲ್ಬಂ ಪಕ್ಕಕ್ಕೆ ಎಸೆಯಲಿಲ್ಲ, ಕೇಳಿದರು. ಮುಂದೆ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಹಾಗೆಂದರೆ ನೆಂಟರು.

ನಮ್ಮ ಮನೆಗಳಲ್ಲಿ? ಮೊಮ್ಮಕ್ಕಳ ಹಾಡು ಅಜ್ಜನಿಗೆ ಗದ್ದಲ. ಅಜ್ಜನ ಹಾಡಿಗೆ ಮೊಮ್ಮಕ್ಕಳ ಆಕಳಿಕೆ. ಅರ್ಧ ನಿಮಿಷ ಕೇಳಿ ತೀರ್ಪು ಕೊಡುವುದು, ಪಾಸ್‌ಬುಕ್ಕಿನ ಕೊನೆಯ ಸಾಲು ನೋಡದೆ ಬಾಕಿ ಹೇಳಿದ ಹಾಗೆ!

ಈ ಭಾನುವಾರ ಒಬ್ಬರ ಮೆಚ್ಚಿನ ಹಾಡನ್ನು ಇನ್ನೊಬ್ಬರು ಪೂರ್ತಿ ಕೇಳಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನಿ, ತಪ್ಪಿಲ್ಲ. ಯಾಕೆ ಅಂತಲೂ ಹೇಳಿ. ಮಾತು ಅಲ್ಲಿಂದಲೇ ಶುರುವಾಗುತ್ತದೆ.