ಇರುವೆಯಲ್ಲದ ಇರುವೆ: ಹೆಸರಿಡುವ ವಿದ್ಯೆಯ ವಿಷಯವಾಗಿ ಕೆಲವು ಮಾತು

ಹೆಸರು ತಿಳಿದೊಡನೆ ವಸ್ತುವೂ ತಿಳಿಯಿತೆಂದು ಭಾವಿಸುವುದು ಮನುಷ್ಯನ ಹಳೆಯ ರೂಢಿ. ಶಾಲೆಯಲ್ಲಿ ಈ ರೂಢಿಯು ಇನ್ನಷ್ಟು ಬಲಗೊಳ್ಳುವುದು. ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಮೆಟ್ಟಿಲುಗಳನ್ನು ಬಾಲಿಕೆಯರು ಮಗ್ಗಿಯಂತೆ ಬಾಯಿಪಾಠ ಮಾಡುವರು. ಪರೀಕ್ಷೆ ಮುಗಿದ ಮರುದಿನವೇ ಮರೆಯುವರು. ಪ್ರಾಣಿಗಳ ವರ್ಗೀಕರಣವೆಂದರೆ ಎಂದೋ ಯಾರೋ ಬರೆದಿಟ್ಟ ಪಟ್ಟಿ, ಅದನ್ನು ತಪ್ಪಿಲ್ಲದೆ ಒಪ್ಪಿಸುವುದಷ್ಟೇ ನಮ್ಮ ಕೆಲಸ, ಎಂಬ ತಿಳಿವಳಿಕೆಯು ಮಕ್ಕಳಲ್ಲಿಯೂ ಹಿರಿಯರಲ್ಲಿಯೂ ಬೇರೂರಿದೆ. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ವರ್ಗೀಕರಣವು ಪಟ್ಟಿಯಲ್ಲ, ಅದೊಂದು ವಿಚಾರಣೆ. ಅಲ್ಲಿ ಸಾಕ್ಷಿ ಬೇಕು. ಹೊಸ ಸಾಕ್ಷಿ ಬಂದಾಗ ಹಳೆಯ ತೀರ್ಪನ್ನು ತಿದ್ದಬೇಕು. ಈ ಮಾತಿಗೆ ಪ್ರಮಾಣವಾಗಿ ದೂರದ ಸಿಂಹಶರಭಗಳನ್ನು ಕರೆಯಬೇಕಾಗಿಲ್ಲ. ನಮ್ಮ ಸೀಮೆಯಂಥ ಒಣನೆಲದಲ್ಲಿ ಬಿಸಿಲಿಗೆ ಅಂಜದೆ ಓಡಾಡುವ ಒಂದು ಕಿರುಜೀವಿಯೇ ಸಾಕು.

ಬಾದಾಮಿಯ ಕೆಂಪು ಮರಳುಗಲ್ಲಿನ ತಪ್ಪಲು, ಹುನಗುಂದದ ಎರೆಹೊಲದ ಬದು, ಇಳಕಲ್ಲ ಬಾಗಲಕೋಟೆಗಳ ಕಾಲುದಾರಿ, ಇಂತಹ ಬಯಲು ನೆಲಗಳಲ್ಲಿ ದೊಡ್ಡ ಇರುವೆಯಷ್ಟು ಗಾತ್ರದ ಒಂದು ಹುಳುವನ್ನು ಅರಸಿದವರು ಕಾಣಬಹುದು. ತಲೆ ಕಪ್ಪು, ಎದೆ ಕೆಂಪು, ಹೊಟ್ಟೆ ಕಪ್ಪು, ಅದರ ಮೇಲೆ ಬಿಳಿಯ ಕೂದಲಿನ ಚುಕ್ಕೆಗಳು. ಮೈಯೆಲ್ಲ ನವುರಾದ ರೋಮ. ಒಂದು ಕ್ಷಣವೂ ನಿಲ್ಲದೆ, ಏನನ್ನೋ ಕಳೆದುಕೊಂಡವರಂತೆ ನೆಲವನ್ನು ಹುಡುಕುತ್ತ ಓಡುವುದು. ಇಂಗ್ಲಿಷರು ಇದನ್ನು ಮಖಮಲ್ಲಿನ ಇರುವೆಯೆಂದು ಕರೆದರು. ಅಂದವಾದ ಹೆಸರು, ಆದರೆ ಸುಳ್ಳು ಹೆಸರು. ಇದು ಇರುವೆಯಲ್ಲ, ಕಡಜ. ಮಖಮಲ್ಲಿನ ಕೆಳಗೆ ಇರುವುದು ಬಹು ಗಟ್ಟಿಯಾದ ಕವಚ, ಮತ್ತು ಮೈಯಳತೆಗೆ ಮೀರಿ ಉದ್ದವಾದ ಒಂದು ಮುಳ್ಳು. ಮುಟ್ಟಿದವರು ಬಹುಕಾಲ ಮರೆಯರು.

ಇದನ್ನು ಮೃಗಶಿರಾ ಮಳೆ ಬಿದ್ದೊಡನೆ ನೆಲದಿಂದೇಳುವ ಕೆಂಪು ರೇಷ್ಮೆಯಂತಹ ಹುಳುವಿನೊಡನೆ ಬೆರೆಸುವವರೂ ಉಂಟು. ಕವಿಗಳು ಇಂದ್ರಗೋಪವೆಂದು ಕೊಂಡಾಡಿದ ಆ ಸಾಧುಜೀವಿಗೆ ಎಂಟು ಕಾಲು. ಅದು ಜೇಡನ ಬಳಗ. ಮಖಮಲ್ಲಿನ ಇರುವೆಗೆ ಆರು ಕಾಲು. ಅದು ಕಡಜದ ಬಳಗ. ಕಾಲೆಣಿಸದೆ ಬಣ್ಣವನ್ನಷ್ಟೇ ನೋಡುವವರಿಗೆ ಎರಡೂ ಒಂದೇ. ಇನ್ನೂ ಒಂದು ಸೋಜಿಗವುಂಟು. ದಕ್ಷಿಣ ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ಸೀನೋಪ್ಟೈಕಸ್ ಎಂಬ ಒಂದು ಜೇಡವು ಈ ಕಡಜದ ವೇಷವನ್ನೇ ತೊಟ್ಟು, ಅದರ ಚುಕ್ಕೆಗಳನ್ನೇ ಬೆನ್ನ ಮೇಲೆ ಧರಿಸಿ, ಅದರಂತೆಯೇ ಓಡುವುದು. ಮುಳ್ಳಿರುವವಳ ಉಡುಗೆಯನ್ನುಟ್ಟರೆ ಶತ್ರುಗಳು ದೂರವಿರುವರೆಂಬುದೇ ಇದರ ಗುಟ್ಟು. ಹೀಗೆ ಉಡುಗೆಯನ್ನು ನಂಬಿ ಕುಲವನ್ನು ನಿರ್ಣಯಿಸುವವನು ಹಕ್ಕಿಯಾದರೂ ಸರಿ, ಪಂಡಿತನಾದರೂ ಸರಿ, ಮೋಸಹೋಗುವನು.

ಪಂಡಿತರೂ ಮೋಸಹೋದರೆಂಬುದೇ ಈ ಕುಟುಂಬದ ಚರಿತ್ರೆಯ ಮುಖ್ಯ ಪಾಠ. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ಈ ಹುಳುಗಳಿಗೆ ಮ್ಯುಟಿಲ್ಲಾ ಎಂಬ ಹೆಸರನ್ನಿಟ್ಟು, ತನ್ನ ಗ್ರಂಥದಲ್ಲಿ ಇರುವೆಗಳ ಬೆನ್ನಿಗೇ ಅವನ್ನು ಕುಳ್ಳಿರಿಸಿದನು. ಅಂಗಹೀನ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರದು. ಏಕೆಂದರೆ ಈ ಕುಟುಂಬದಲ್ಲಿ ಹೆಣ್ಣಿಗೆ ರೆಕ್ಕೆಗಳಿಲ್ಲ. ಕೆಲವು ಪ್ರಭೇದಗಳನ್ನು ಬಿಟ್ಟರೆ ಗಂಡಿಗೆ ರೆಕ್ಕೆಗಳುಂಟು. ಗಂಡಿಗಿರುವುದು ತನಗಿಲ್ಲವೆಂಬ ಒಂದೇ ಕಾರಣಕ್ಕೆ ಹೆಣ್ಣಿಗೆ ಅಂಗಹೀನೆಯೆಂಬ ಬಿರುದು ಬಂದಿತು. ಅವಳ ಕೆಲಸವನ್ನು ನೋಡಿದವರು ಹಾಗೆನ್ನಲಾರರು. ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬಾಳುವ ಜೇನುಹುಳುಗಳ ಮತ್ತು ಕಡಜಗಳ ಗೂಡನ್ನು ಅವಳು ಹುಡುಕಿ ತೆಗೆಯಬೇಕು; ಮಣ್ಣನ್ನು ಕೆದರಿ ಒಳಹೊಗಬೇಕು; ಪೂರ್ಣ ಬೆಳೆದ ಮರಿಯಿರುವ ಗೂಡನ್ನು ಆರಿಸಿ ಅಲ್ಲಿ ಮೊಟ್ಟೆಯಿಡಬೇಕು. ಇಕ್ಕಟ್ಟಾದ ಆ ಬಿಲದಲ್ಲಿ ರೆಕ್ಕೆಗಳು ಭಾರವಲ್ಲದೆ ಉಪಕಾರವಲ್ಲ. ಗಟ್ಟಿಯಾದ ಕವಚವೂ ಮುಳ್ಳೂ ಅವಳಿಗೆ ಇವೆ. ಹಾರಾಡುವ ಗಂಡಿಗೆ ಮುಳ್ಳೇ ಇಲ್ಲ. ಒಂದು ಕೊರತೆಯೆಂದು ಬರೆದದ್ದು ನಿಜವಾಗಿ ಒಂದು ಯೋಗ್ಯತೆಯಾಗಿತ್ತು. ನಮ್ಮ ವಾಚಕಿಯರು ಇದನ್ನು ಓದಿ ಮುಗುಳ್ನಕ್ಕರೆ ನಾವು ಆಕ್ಷೇಪಿಸೆವು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಹೆಣ್ಣು ನೆಲದ ಮೇಲೆ, ಗಂಡು ಗಾಳಿಯಲ್ಲಿ. ಮೈಕಟ್ಟು ಬೇರೆ, ಅನೇಕ ವೇಳೆ ಗಾತ್ರವೂ ಬಣ್ಣವೂ ಬೇರೆ. ಒಬ್ಬನು ಹೆಣ್ಣನ್ನು ಹಿಡಿದು ಒಂದು ಹೆಸರಿಟ್ಟನು. ಇನ್ನೊಬ್ಬನು ಗಂಡನ್ನು ಹಿಡಿದು ಮತ್ತೊಂದು ಹೆಸರಿಟ್ಟನು. ಒಂದೇ ಮನೆಯ ಗಂಡಹೆಂಡಿರು ದಫ್ತರದಲ್ಲಿ ಎರಡು ಕುಲಗಳವರಾಗಿ ನಿಂತರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೀಟರ್ ಕ್ಯಾಮರನ್ ಎಂಬವರು ಇಂಗ್ಲೆಂಡಿನಲ್ಲಿದ್ದುಕೊಂಡೇ ಭಾರತದಿಂದ ಹೋದ ಕಡಜಗಳಿಗೆ ಹೆಸರಿಟ್ಟರು. ಬರ್ಮಾದ ಅರಣ್ಯಗಳಲ್ಲಿ ಅಧಿಕಾರಿಯಾಗಿದ್ದ ಬಿಂಗ್‌ಹ್ಯಾಮ್ ಅವರು 1897ರಲ್ಲಿ ಈ ದೇಶದ ಕಡಜ ಮತ್ತು ಜೇನುಹುಳುಗಳ ದೊಡ್ಡ ಗ್ರಂಥವನ್ನು ಪ್ರಕಟಿಸಿ, ಇವುಗಳಲ್ಲಿ ಬಹುಪಾಲನ್ನು ಮ್ಯುಟಿಲ್ಲಾ ಎಂಬ ಒಂದೇ ಜಾತಿಯಲ್ಲಿ ಸೇರಿಸಿದರು. ಅವರ ಶ್ರಮವು ಸ್ತುತ್ಯವೇ; ಇಂದಿಗೂ ಆ ಪುಸ್ತಕವನ್ನು ತೆರೆಯದೆ ಕೆಲಸ ಸಾಗದು. ಆದರೆ ಸೂಜಿಗೆ ಚುಚ್ಚಿದ ಒಣ ಹುಳುವು ತನ್ನ ಜೊತೆಗಾರನಾರೆಂದು ಹೇಳಲಾರದು. ಅದನ್ನು ಹೇಳಬಲ್ಲವರು ಅದು ಜೀವಂತವಾಗಿದ್ದಾಗ ಕಂಡವರು ಮಾತ್ರ: ಜೋಡಿಯಾಗಿದ್ದುದನ್ನು ನೋಡಿದವರು, ಇಲ್ಲವೇ ಒಂದೇ ಗೂಡಿನಿಂದ ಎರಡೂ ಹೊರಬಂದುದನ್ನು ಕಾದು ಕುಳಿತು ಕಂಡವರು. ಕೆಲವು ಪ್ರಭೇದಗಳಲ್ಲಿ ಗಂಡು ಹೆಣ್ಣನ್ನು ಎತ್ತಿಕೊಂಡೇ ಹಾರುವುದುಂಟು. ಅದನ್ನು ಒಮ್ಮೆ ಕಂಡು ಬರೆದಿಟ್ಟವನ ಒಂದು ಸಾಲು, ನೂರು ಒಣ ಹುಳುಗಳ ಪೆಟ್ಟಿಗೆಗಿಂತ ಬೆಲೆಯುಳ್ಳದ್ದು.

ಜಗತ್ತಿನಲ್ಲಿ ಹೆಸರು ಪಡೆದ ಈ ಕಡಜಗಳ ಪ್ರಭೇದಗಳು 4,000ಕ್ಕೆ ಮೀರಿವೆ. ಅವುಗಳಲ್ಲಿ ಎಷ್ಟೋ ಪ್ರಭೇದಗಳ ಹೆಣ್ಣು ಮಾತ್ರ ಗೊತ್ತು, ಎಷ್ಟೋ ಪ್ರಭೇದಗಳ ಗಂಡು ಮಾತ್ರ ಗೊತ್ತು. ರಷ್ಯದ ಲೆಲೆಜ್ ಅವರು 2005ರಲ್ಲಿ ಭಾರತವೂ ಸೇರಿದ ಪೂರ್ವದೇಶಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಇಂತಹ ಪಟ್ಟಿಗಳಲ್ಲಿ ಹಳೆಯ ಹೆಸರುಗಳು ಒಂದರೊಳಗೊಂದು ಅಡಗುವುದನ್ನೂ ಒಂಟಿಯಾಗಿದ್ದವು ಜೊತೆಗೂಡುವುದನ್ನೂ ನೋಡಬಹುದು.

ಹಾಗಾದರೆ ಯಾವುದನ್ನು ನಂಬಿ ವಿಂಗಡಿಸಬೇಕು? ನಮ್ಮ ಇಳಕಲ್ಲದ ನೇಕಾರರು ಇದಕ್ಕೆ ಉತ್ತರವನ್ನು ಬಲ್ಲರು. ಪೇಟೆಗೆ ಹೊಸಬರಾದವರು ಸೀರೆಯ ಬಣ್ಣವನ್ನು ನೋಡಿ ಇದು ಇಳಕಲ್ಲದ್ದೆಂದು ಹೇಳುವರು. ತಿಳಿದ ಹಿರಿಯಳು ಸೆರಗನ್ನು ತಿರುವಿ ನೋಡುವಳು. ಮೈಯ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಹಾಕಿ ಕೂಡಿಸುವ ತೋಪುತೆನೆಯ ಜೋಡಣೆ ಇದೆಯೋ ಇಲ್ಲವೋ ಎಂಬುದೇ ಅವಳ ಪರೀಕ್ಷೆ. ಬಣ್ಣವನ್ನು ಯಾರೂ ಕದಿಯಬಹುದು. ಜೋಡಣೆಯು ಕುಲವನ್ನು ಹೇಳುವುದು. ಕಡಜದಲ್ಲಿಯೂ ಹಾಗೆಯೇ. ರೋಮದ ಬಣ್ಣ ಹಲವು ವಂಶಗಳಲ್ಲಿ ಒಂದೇ ತೆರನಾಗಿರಬಹುದು. ಎದೆಯ ಫಲಕಗಳು ಹೇಗೆ ಬೆಸೆದಿವೆ, ಹೊಟ್ಟೆಯ ಎರಡನೆಯ ಖಂಡದ ಪಕ್ಕದಲ್ಲಿ ಒತ್ತಾದ ಕೂದಲಿನ ಗೆರೆಯಿದೆಯೇ, ಕಣ್ಣಿನ ಆಕಾರವೇನು, ಇವನ್ನು ನೋಡಬೇಕು. ದಕ್ಷಿಣ ಆಫ್ರಿಕದ ಡೆನಿಸ್ ಬ್ರದರ್ಸ್ ಅವರು 1975ರಲ್ಲಿ ಇಂತಹ ಅಂಗರಚನೆಯನ್ನೇ ಆಧರಿಸಿ ಈ ಕುಟುಂಬಕ್ಕೆ ಹೊಸ ವಂಶವೃಕ್ಷವನ್ನು ಬರೆದರು.

ಅಲ್ಲಿಗೂ ವಿಚಾರಣೆ ಮುಗಿಯಲಿಲ್ಲ. ಮಿರ್ಮೋಸಾ ಎಂಬ ಜಾತಿಯ ಬಳಗದ ಹೆಣ್ಣಿನಲ್ಲಿ ಎದೆಯ ಮುಂದಿನ ಫಲಕವು ಹಿಂದಿನದರೊಡನೆ ಬೆಸೆದಿರದೆ ಬೇರೆಯಾಗಿಯೇ ಕಾಣುವುದು. ಈ ಬಳಗವು ಮನೆಯವರೋ ನೆಂಟರೋ ಎಂಬ ಪ್ರಶ್ನೆ ಹಳೆಯದು. 2008ರಲ್ಲಿ ಕೆಲವು ವಿದ್ವಾಂಸರು ಜೀವಕೋಶದಲ್ಲಿ ಅಡಗಿರುವ ಡಿ.ಎನ್.ಎ. ಎಂಬ ಆನುವಂಶಿಕ ಬರಹವನ್ನು ಓದಿ, ಇವರು ಬೇರೆ ಮನೆಯವರೆಂದು ತೀರ್ಪಿತ್ತರು. 2017ರಲ್ಲಿ ಬ್ರದರ್ಸ್ ಮತ್ತು ಲೆಲೆಜ್ ಅವರು ಅಂಗರಚನೆಯನ್ನು ಮತ್ತೊಮ್ಮೆ ಶೋಧಿಸಿ, ಅವರನ್ನು ಒಳಗೇ ಉಳಿಸಿಕೊಂಡು ಕುಟುಂಬವನ್ನು ಎಂಟು ಉಪಕುಟುಂಬಗಳಾಗಿ ವಿಭಾಗಿಸಿದರು. ಎರಡು ಪಕ್ಷಗಳೂ ತಮ್ಮ ತಮ್ಮ ಸಾಕ್ಷ್ಯವನ್ನು ಎಲ್ಲರ ಮುಂದಿಟ್ಟಿವೆ. ಇದನ್ನು ಕಂಡು, ಪಂಡಿತರಲ್ಲಿಯೇ ಒಮ್ಮತವಿಲ್ಲವೆಂದು ಹಳಿಯುವುದು ಸುಲಭ. ನಮಗಾದರೋ ಇದೇ ಆ ವಿದ್ಯೆಯ ಗೌರವವೆಂದು ತೋರುವುದು. ಬಾಯಿಪಾಠದ ಪಟ್ಟಿಯಲ್ಲಿ ಈ ಗೌರವವೇ ಕಾಣೆಯಾಗುವುದು.

ಕೆಲವು ಪಾಲಕರು ಕೇಳಬಹುದು: ನಮ್ಮ ಹೆಣ್ಣುಮಕ್ಕಳು ಹುಳುಹುಪ್ಪಟೆಗಳ ಮುಂದೆ ಬಗ್ಗಿ ಕೂಡುವುದರಿಂದ ಆಗುವ ಪ್ರಯೋಜನವೇನು? ಹೊಟ್ಟೆಗೆ ಹಿಟ್ಟಾದೀತೇ? ಪ್ರಶ್ನೆ ನ್ಯಾಯವಾದುದೇ. ಮೊದಲನೆಯದಾಗಿ, ಈ ಕಡಜ ಇರುವಲ್ಲಿ ಅದಕ್ಕೆ ಆಶ್ರಯವಾದ ನೆಲಜೇನುಗಳೋ ಕಡಜಗಳೋ ಇದ್ದೇ ಇರಬೇಕು. ಒಂಟಿಬಾಳಿನ ಜೇನುಹುಳುಗಳು ತೊಗರಿ, ಸೂರ್ಯಕಾಂತಿಗಳಂತಹ ಬೆಳೆಗಳ ಹೂವಿಗೆ ಬರುವ ಅತಿಥಿಗಳು. ಅವುಗಳ ಸುದ್ದಿ ಒಕ್ಕಲಿಗನ ಮನೆಗೆ ಪರಕೀಯವಲ್ಲ. ಎರಡನೆಯದಾಗಿ, ಉಡುಗೆಯನ್ನು ನೋಡಿ ಕುಲವನ್ನೂ, ಕುಲವನ್ನು ನೋಡಿ ಗುಣವನ್ನೂ ತೀರ್ಮಾನಿಸುವ ಚಾಳಿ ನಮ್ಮ ಸಮಾಜದಲ್ಲಿ ಎಷ್ಟಿದೆಯೆಂಬುದನ್ನು ನಾವು ಹೇಳಬೇಕಾಗಿಲ್ಲ. ತಾನೇ ಕಣ್ಣಿಟ್ಟು ನೋಡಿ, ಎಣಿಸಿ, ಅನುಮಾನವಿದ್ದಲ್ಲಿ ಅನುಮಾನವೆಂದೇ ಬರೆದು, ಸಾಕ್ಷಿ ದೊರೆತಾಗ ತಿದ್ದಿಕೊಳ್ಳಲು ಕಲಿತ ಹುಡುಗಿಯು ನಾಳೆ ಮನುಷ್ಯರ ವಿಷಯದಲ್ಲಿಯೂ ಅವಸರದ ತೀರ್ಪನ್ನು ಕೊಡಳು. ಈ ಲಾಭವನ್ನು ಅಳೆಯಲು ಸೇರು ಪಾವುಗಳಿಲ್ಲ. ಆದರೂ ಲಾಭವು ನಿಜ.

ಮೂರನೆಯ ಮಾತು ಹೆಚ್ಚು ಗಂಭೀರವಾದುದು. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೂ ಘಟಪ್ರಭೆಯ ದಂಡೆಯ ಹೊಲಗಳೂ ಮುಳುಗಿದವು; ಜನರು ನವನಗರಕ್ಕೆ ಸಾಗಿದರು. ಮನೆ, ಹೊಲ, ಗಿಡಗಳನ್ನೆಲ್ಲ ಪರಿಹಾರದ ವಹಿಗಳಲ್ಲಿ ಬರೆದರು; ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಬಾಳುತ್ತಿದ್ದ ಜೀವಿಗಳಿಗೆ ಆ ವಹಿಗಳಲ್ಲಿ ಕಲಮು ಇರಲಿಲ್ಲ. ಅಣೆಕಟ್ಟು ಬೇಡವಿತ್ತೆಂದು ನಾವು ವಾದಿಸುವವರಲ್ಲ. ಆದರೆ ಹೆಸರೂ ಇಲ್ಲದೆ, ಕಂಡವರೂ ಇಲ್ಲದೆ ಕಣ್ಮರೆಯಾದುದನ್ನು ಕಳೆದುಕೊಂಡೆವೆಂದು ಹೇಳುವುದಕ್ಕೂ ನಮಗೆ ಬಾಯಿಲ್ಲದಂತಾಗುವುದು. ಲೆಕ್ಕವಿದ್ದಲ್ಲಿ ಮಾತ್ರ ನಷ್ಟವನ್ನು ತೋರಿಸಬಹುದು.

ಲೆಕ್ಕವಿಡುವುದಕ್ಕೆ ದೊಡ್ಡ ಉಪಕರಣಗಳು ಬೇಕಾಗಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಕೊರೆಯಿಸಿದ ಶಾಸನದಲ್ಲಿ ಶಕವರ್ಷ 500, ಎಂದರೆ ಕ್ರಿ.ಶ. 578, ಎಂಬ ಕಾಲವು ಸ್ಪಷ್ಟವಾಗಿದೆ. ಹುನಗುಂದ ಸೀಮೆಯ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಶಾಸನವು ಶಕವರ್ಷ 556, ಎಂದರೆ ಕ್ರಿ.ಶ. 634ರದು. ಇಂತಹ ಕಾಲನಿರ್ದೇಶಗಳ ಆಧಾರದಿಂದಲೇ ವಿದ್ವಾಂಸರು ಕಾಲವನ್ನು ಹೇಳದ ಇತರ ಗುಡಿಗಳನ್ನು ಹಿಂದುಮುಂದಾಗಿ ಜೋಡಿಸುವರು. ಹುಳುವಿನ ಪಕ್ಕದಲ್ಲಿ ಬರೆದ ಚೀಟಿಯೂ ಒಂದು ಕಿರು ಶಾಸನವೇ. ಯಾವ ಊರು, ಯಾವ ದಿನ, ಯಾವ ಮಣ್ಣು, ಎಷ್ಟು ಹೊತ್ತಿಗೆ, ಏನು ಮಾಡುತ್ತಿತ್ತು, ನೋಡಿದವರು ಯಾರು ಎಂಬ ಆರು ಮಾತುಗಳಿದ್ದರೆ ಸಾಕು. ಹೆಸರನ್ನು ನಾಳೆ ಯಾರಾದರೂ ಇಟ್ಟಾರು. ಚೀಟಿಯಿಲ್ಲದ ಹುಳುವಿಗೆ ಇಟ್ಟ ಹೆಸರು ಗಾಳಿಯಲ್ಲಿ ತೂಗುವುದು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಪ್ರತಿಯೊಂದು ಶಾಲೆಯಲ್ಲಿಯೂ ಒಂದು ದಪ್ಪ ವಹಿಯನ್ನಿಡಲಿ. ಬಾಲಿಕೆಯರು ತಮ್ಮ ಊರಿನ, ಓಣಿಯ, ಹೊಲದ ಕಿರುಜೀವಿಗಳನ್ನು ಕಂಡಂತೆ ಅದರಲ್ಲಿ ಬರೆಯಲಿ, ಚಿತ್ರ ತೆಗೆಯಲಿ. ಕೊಲ್ಲುವುದು ಬೇಡ, ಮಖಮಲ್ಲಿನ ಇರುವೆಯನ್ನಂತೂ ಬರಿಗೈಯಿಂದ ಮುಟ್ಟುವುದು ಬೇಡವೇ ಬೇಡ. ನೆಲದ ಮೇಲೆ ಓಡುವ ಹೆಣ್ಣನ್ನು ಕಂಡವಳು ಅದರ ಸುತ್ತ ತಗ್ಗಿ ಹಾರುವ ಗಂಡು ಉಂಟೇ ಎಂದು ಸ್ವಲ್ಪ ಹೊತ್ತು ಕಾಯಲಿ. ಹಳೆಯ ವಿದ್ಯಾರ್ಥಿನಿಯರು ಗಂಡನ ಊರಿನಿಂದ, ನೌಕರಿಯ ಊರಿನಿಂದ ವರ್ಷಕ್ಕೊಂದು ಪುಟವನ್ನಾದರೂ ಬರೆದು ಕಳುಹಲಿ. ಪಾಲಕರು ಮಗಳು ಮಣ್ಣು ಮೆತ್ತಿದ ಲಂಗದಲ್ಲಿ ಮನೆಗೆ ಬಂದ ದಿನ ಗದರಿಸುವ ಮೊದಲು ಏನು ಕಂಡೆ ತಂಗಿ ಎಂದು ಕೇಳಲಿ. ಹತ್ತು ವರ್ಷಗಳಲ್ಲಿ ಆ ವಹಿಯು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಸಂಗತಿಗಳಿಂದ ತುಂಬುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಏಕೆಂದರೆ ಲಂಡನ್ನಿನಲ್ಲಿ ಕುಳಿತವರಿಗೆ ಕಾಣದ ಜೋಡಿಯು ಹುನಗುಂದದ ಬದುವಿನ ಮೇಲೆ ಕುಳಿತವಳಿಗೆ ಕಾಣಬಹುದು.