ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮನೆಮಂದಿಯೆಲ್ಲ ಕಲೆತು ಆಡುವ ಆಟವೆಂದು ಹೆಸರು ಪಡೆದ ಯಾವ ಆಟವೇ ಆಗಲಿ, ಆ ಹೆಸರಿಗೆ ಅರ್ಹವೋ ಅಲ್ಲವೋ ಎಂದು ತಿಳಿಯಬೇಕಾದರೆ, ಅದನ್ನು ಅತ್ಯಂತ ಚೆನ್ನಾಗಿ ಆಡಬಲ್ಲವರನ್ನು ನೋಡಿ ನಿರ್ಣಯಿಸತಕ್ಕದ್ದಲ್ಲ. ಆ ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ, ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ ದೊಡ್ಡಪ್ಪ, ಹುಟ್ಟಿನಿಂದ ಕಿವಿ ಕೇಳದ ಹುಡುಗಿ, ಕೆಂಪಿಗೂ ಹಸಿರಿಗೂ ಭೇದ ಕಾಣದ ಹುಡುಗ, ಇವರಿಗೆ ಅದರಲ್ಲಿ ಎಡೆಯುಂಟೋ ಇಲ್ಲವೋ ಎಂಬುದನ್ನು ನೋಡಿಯೇ ನಿರ್ಣಯಿಸತಕ್ಕದ್ದು. ಇಂಥವರನ್ನು ನಮ್ಮ ಮನೆಗಳಲ್ಲಿ ಯಾರೂ ಬೇಕೆಂದು ಹೊರಗಿಡುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ, ಅವರ ಕೈಯಲ್ಲೂ ಒಂದು ಸಲ ಕವಡೆ ಹಾಕಿಸುತ್ತಾರೆ, ಅವರ ಕಾಯಿಯನ್ನು ತಾವೇ ನಡೆಸುತ್ತಾರೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ನಾವು ಆಡಿಕೊಳ್ಳುವ ಮಾತು ಈ ಸ್ಥಿತಿಗೇ ಸಲ್ಲುತ್ತದೆ. ಅದರಲ್ಲಿ ದಯೆಯಿದೆ, ಸಂದೇಹವಿಲ್ಲ. ಆದರೆ ಲೆಕ್ಕಕ್ಕಿಲ್ಲದವನಿಗೆ ಗೆಲುವಿನ ಸುಖವೂ ಇಲ್ಲ, ಸೋಲಿನ ಮರ್ಯಾದೆಯೂ ಇಲ್ಲ.

ಈ ವಿಷಯದಲ್ಲಿ ಇತ್ತೀಚೆಗೆ ಅತ್ಯಂತ ಶ್ರದ್ಧೆಯಿಂದ ಆಲೋಚಿಸಿರುವವರಲ್ಲಿ ವಿಡಿಯೊ ಗೇಮುಗಳನ್ನು ರಚಿಸುವವರೂ ಸೇರಿದ್ದಾರೆಂಬುದು, ಆ ಗೇಮುಗಳನ್ನು ಮಕ್ಕಳನ್ನು ಕೆಡಿಸುವ ವಸ್ತುವೆಂದೇ ಭಾವಿಸಿರುವ ಹಿರಿಯರಿಗೆ ವಿಚಿತ್ರವಾಗಿ ತೋರೀತು. ಆಸ್ಟ್ರೇಲಿಯದ ಎಸ್ಎಂಜಿ ಸ್ಟುಡಿಯೊ ಎಂಬ ಸಂಸ್ಥೆ ಜೊತೆಗಾರರೊಡನೆ ರಚಿಸಿ 2020ರಲ್ಲಿ ಹೊರತಂದ ‘ಮೂವಿಂಗ್ ಔಟ್’ ಎಂಬ ಆಟವನ್ನು ನೋಡಿ. ಅದರ ವಸ್ತು ಸರಳವಾದದ್ದು. ಮನೆ ಬದಲಾಯಿಸುವವರ ಸಾಮಾನನ್ನೆಲ್ಲ, ಸೋಫಾ, ಫ್ರಿಜ್ಜು, ಮಂಚ, ಪೆಟ್ಟಿಗೆಗಳನ್ನೆಲ್ಲ, ಗೊತ್ತಾದ ಕಾಲಾವಧಿಯೊಳಗೆ ಲಾರಿಗೆ ಏರಿಸಬೇಕು. ನಾಲ್ವರವರೆಗೆ ಒಂದೇ ಪರದೆಯ ಮುಂದೆ ಕೂತು ಆಡಬಹುದು. ಭಾರವಾದ ವಸ್ತುವಿಗೆ ಇಬ್ಬರು ಕೈಹಚ್ಚಬೇಕು. ಬಾಗಿಲಲ್ಲಿ ಸೋಫಾ ಸಿಕ್ಕಿಕೊಂಡಾಗ ಏಳುವ ಕೂಗಾಟವೇ ಆಟದ ರಸ. ಇದರೊಳಗೆ ‘ಅಸಿಸ್ಟ್ ಮೋಡ್’ ಎಂಬ ಒಂದು ಏರ್ಪಾಟಿದೆ. ಬೇಕಾದವರು ಕಾಲಾವಧಿಯನ್ನು ಹಿಗ್ಗಿಸಿಕೊಳ್ಳಬಹುದು; ಇಬ್ಬರು ಎತ್ತಬೇಕಾದ ಭಾರವನ್ನು ಹಗುರಮಾಡಿಕೊಳ್ಳಬಹುದು; ಹಾದಿಯ ಅಪಾಯಗಳನ್ನು ತಗ್ಗಿಸಿಕೊಳ್ಳಬಹುದು; ಒಂದು ಮನೆಯಲ್ಲಿ ಸೋತು ನಿಂತವರು ಅಲ್ಲಿಯೇ ಕೊಳೆಯದೆ ಮುಂದಿನ ಮನೆಗೆ ಹೋಗಬಹುದು. ಪರದೆಯ ಮೇಲಿನ ಬರಹವನ್ನು ದೊಡ್ಡದು ಮಾಡಿಕೊಳ್ಳಲು, ಓದುವುದು ಕಷ್ಟವಾಗುವ ಡಿಸ್ಲೆಕ್ಸಿಯಾ ಉಳ್ಳವರಿಗೆ ಅನುಕೂಲವಾದ ಲಿಪಿಯನ್ನು ಆರಿಸಿಕೊಳ್ಳಲು, ಗುಂಡಿಗಳ ಕೆಲಸವನ್ನು ತಮ್ಮ ಕೈಗೆ ಒಗ್ಗುವಂತೆ ಹಂಚಿಕೊಳ್ಳಲು ಸಹ ಅವಕಾಶವಿದೆ. ಸಾಮಾನು ಸಾಗಿಸುವ ಪಾತ್ರಗಳು ಗಾಲಿಕುರ್ಚಿಯಲ್ಲಿ ಕೂತೂ ದುಡಿಯಬಲ್ಲವು.

ಇವು ಯಾವುವೂ ಅಂಗವಿಕಲರಿಗೆಂದು ಪ್ರತ್ಯೇಕವಾಗಿ ಕಟ್ಟಿದ ಮತ್ತೊಂದು ಆಟದಲ್ಲಿ ಇರದೆ, ಎಲ್ಲರೂ ಆಡುವ ಅದೇ ಆಟದಲ್ಲಿ, ಅದೇ ಪರದೆಯ ಮೇಲೆ ಇರುವುದು ನನಗೆ ಬಹುಮುಖ್ಯವೆಂದು ತೋರುತ್ತದೆ. ಹೀಗೆ ಸುಲಭ ಮಾಡಿದರೆ ಆಟದ ಸ್ವಾರಸ್ಯ ಕೆಡುವುದಿಲ್ಲವೇ ಎಂದು ಕೇಳುವವರುಂಟು. ಸೋಫಾವನ್ನು ಬಾಗಿಲಲ್ಲಿ ಓರೆಮಾಡಿ ತಿರುಗಿಸುವ ಕಷ್ಟ ಆಟದ ಕಷ್ಟ. ಪರದೆಯ ಮೂಲೆಯ ಸಣ್ಣಕ್ಷರವನ್ನು ಓದಲಾಗದ ಕಷ್ಟ, ಎರಡು ಗುಂಡಿಗಳನ್ನು ಒಂದೇ ಕಾಲದಲ್ಲಿ ಅದುಮಲಾರದ ಬೆರಳಿನ ಕಷ್ಟ, ಆಟಕ್ಕೆ ಸೇರಿದ್ದಲ್ಲ. ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಕಳೆಯುವುದೇ ಈ ವಿದ್ಯೆಯ ತಿರುಳು. ಆ ಆಟದಲ್ಲಿ ಕನ್ನಡವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮಾಗಡಿಯ ಒಂದು ಮನೆಯಲ್ಲಿ ಮೊಮ್ಮಕ್ಕಳೊಡನೆ ಕೂತ ಅಜ್ಜನಿಗೆ ಅಡ್ಡವಾಗುವುದು ಕಣ್ಣಿಗಿಂತ ಮೊದಲು ಭಾಷೆಯೇ ಆಗಿರಬಹುದು.

ಆದರೆ ಈ ವಿವೇಕಕ್ಕಾಗಿ ನಾವು ಆಸ್ಟ್ರೇಲಿಯದವರೆಗೆ ಹೋಗಬೇಕಾಗಿರಲಿಲ್ಲ. ಚೌಕಾಬಾರವನ್ನು ನೆನಪಿಗೆ ತಂದುಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಬರೆದ ಸಾಲಿಗೆ ಐದರಂತೆ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಕವಡೆಯ ಬೆನ್ನು ನುಣುಪು, ಹೊಟ್ಟೆ ಹಲ್ಲುಹಲ್ಲಾದ ಸೀಳು. ಬಿದ್ದದ್ದೆಷ್ಟೆಂದು ಹೇಳಲು ಕಣ್ಣು ಬೇಕಿಲ್ಲ, ಬೆರಳು ಸಾಕು. ಇನ್ನು ಕಾಯಿಗಳು: ಒಬ್ಬರದು ಬಳೆಯ ಚೂರು, ಒಬ್ಬರದು ಹುಣಸೆಬೀಜ, ಒಬ್ಬರದು ಕಲ್ಲಹರಳು, ಒಬ್ಬರದು ಹರಳುಬೀಜವೋ ಕಡ್ಡಿಯ ತುಂಡೋ. ಯಾವ ಕಾಯಿ ಯಾರದು, ಯಾರದನ್ನು ಯಾರು ಕಡಿದರು, ಯಾರದು ಹಣ್ಣಾಯಿತು ಎಂಬುದೆಲ್ಲ ಮುಟ್ಟಿದ ಮಾತ್ರಕ್ಕೆ ತಿಳಿಯುವಷ್ಟು ಅವುಗಳ ಆಕಾರ ಭಿನ್ನಭಿನ್ನ. ಅಳಗುಳಿ ಮಣೆಯಂತೂ ಮತ್ತೂ ಮಿಗಿಲು: ಏಳೇಳು ಗುಳಿಗಳ ಎರಡು ಸಾಲು, ಗುಳಿಯೊಳಗೆ ಬೀಜ, ಕೈಯಲ್ಲಿ ಎತ್ತಿ ಒಂದೊಂದಾಗಿ ಬಿಡುತ್ತ ಹೋಗುವ ನಡೆ, ದೃಷ್ಟಿಯಿಲ್ಲದವರು ದೃಷ್ಟಿಯುಳ್ಳವರಿಗೆ ಸರಿಸಮವಾಗಿ ಕೂತು ಆಡಲು ಅದರಲ್ಲಿ ಯಾವ ಮಾರ್ಪಾಡೂ ಬೇಕಾಗಿಲ್ಲ. ನಮ್ಮ ಹಿರಿಯರು ಅಂಗವೈಕಲ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಆಟಗಳನ್ನು ನಿರ್ಮಿಸಿದರೆಂದು ನಾನು ಹೇಳುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಬಳಸಿದರು. ಕೈಗೆ ಸಿಕ್ಕಿದ್ದು ಕೈಗೆ ತಿಳಿಯುವಂಥದ್ದಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಬಗೆಬಗೆಯ ಮಣೆಯಾಟಗಳನ್ನು ಸ್ವತಃ ರಚಿಸಿದ ನಾಡು ಇದು. ಆಟವನ್ನು ಗಂಭೀರವಾಗಿ ಚಿಂತಿಸುವುದು ನಮಗೆ ಹೊಸದೇನೂ ಅಲ್ಲ.

ಈ ಗುಣ ಕಳೆದುಹೋದದ್ದು ಆಟ ಅಂಗಡಿಗೆ ಬಂದ ಮೇಲೆ. ಲೂಡೋದ ಹದಿನಾರು ಕಾಯಿಗಳೂ ಒಂದೇ ಅಚ್ಚಿನವು, ಬಣ್ಣವೊಂದೇ ಭೇದ. ಬಣ್ಣವಾದರೋ ಕೆಂಪು, ಹಸಿರು, ಹಳದಿ, ನೀಲಿ. ಕೆಂಪು ಹಸಿರುಗಳ ಭೇದ ಹುಟ್ಟಿನಿಂದಲೇ ಕಾಣದ ಗಂಡಸರ ಸಂಖ್ಯೆ ನಾವು ತಿಳಿದಿರುವುದಕ್ಕಿಂತ ಬಹಳ ಹೆಚ್ಚು, ಮತ್ತು ಅವರಲ್ಲಿ ಅನೇಕರಿಗೆ ತಮಗೆ ಆ ಕೊರತೆಯಿದೆಯೆಂಬುದೇ ಎಷ್ಟೋ ಕಾಲ ತಿಳಿದಿರುವುದಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಮನೆಯ ಮೊಬೈಲಿನಲ್ಲಿ ಹಬ್ಬಿದ ಲೂಡೋ ಈ ಅಡ್ಡಿಯನ್ನು ಹಾಗೆಯೇ ಉಳಿಸಿಕೊಂಡು ಇನ್ನೊಂದನ್ನು ಸೇರಿಸಿತು: ಅಂಧರಿಗಾಗಿ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಫೋನಿನಲ್ಲಿಯೇ ಇದ್ದು ಕನ್ನಡವನ್ನೂ ಓದಬಲ್ಲದಾದರೂ, ಬಹುಪಾಲು ಆಟಗಳು ತಮ್ಮ ಮಣೆಯನ್ನೂ ಮಾತುಗಳನ್ನೂ ಬರಿಯ ಚಿತ್ರವಾಗಿ ಬಿಡಿಸುವುದರಿಂದ ಅದಕ್ಕೆ ಓದಲು ಏನೂ ಸಿಕ್ಕುವುದಿಲ್ಲ. ಬೇಕೆಂದರೆ ಇದನ್ನು ತಿದ್ದಬಹುದೆಂಬುದಕ್ಕೆ ‘ಊನೋ’ ಎಂಬ ಇಸ್ಪೀಟಿನಂಥ ಆಟವೇ ಸಾಕ್ಷಿ. ಬಹುಮಟ್ಟಿಗೆ ಬಣ್ಣದ ಮೇಲೆಯೇ ನಿಂತ ಆ ಆಟಕ್ಕೆ ಅದರ ತಯಾರಕರು 2017ರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಗುರುತನ್ನು ಸೇರಿಸಿದ ಎಲೆಗಳನ್ನೂ, 2019ರಲ್ಲಿ ಬ್ರೈಲ್ ಚುಕ್ಕೆಗಳುಳ್ಳ ಎಲೆಗಳನ್ನೂ ಹೊರತಂದರು.

ಇಂಥ ತಿದ್ದುಪಡಿಯನ್ನು ನಮ್ಮಲ್ಲಿಯೂ ಮಾಡಬಹುದು; ಈಗ ಚನ್ನಪಟ್ಟಣದ ಮಾತು. ಟಿಪ್ಪುವಿನ ಕಾಲದಿಂದ ಬಂದದ್ದೆಂಬ ಐತಿಹ್ಯವುಳ್ಳ, ಕಸುಬುದಾರ ಬಾವಾಸ್ ಮಿಯಾನರ ಹೆಸರಿನೊಡನೆ ಬೆಳೆದ, ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಅಲ್ಲಿನ ಬಣ್ಣದ ಗೊಂಬೆಗಳನ್ನು ಅರಿಯದ ಕನ್ನಡಿಗರಿಲ್ಲ. ಬೆಳ್ಳನೆಯ ಹಾಲೆಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿ ಹಿಡಿದು ಆಕಾರ ತೆಗೆದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಮೇಲೆ ಒಣಗರಿ ಹಿಡಿದು ಮೆರುಗು ಕೊಡುತ್ತಾರೆ. ಮಗು ಬಾಯಿಗಿಟ್ಟುಕೊಂಡರೂ ಭಯವಿಲ್ಲವೆಂಬುದು ಆ ಕಸುಬಿನ ಹೆಮ್ಮೆ. ಆ ಕಸುಬುದಾರರಿಂದ ನಾನು ಬೇಡುವುದು ಉಳಿಯ ಒಂದು ಸ್ಪರ್ಶವನ್ನು. ಲೂಡೋ ಅಥವಾ ಪಗಡೆಯ ಕಾಯಿ ಯಂತ್ರದ ಮೇಲೆ ತಿರುಗುತ್ತಿರುವಾಗಲೇ, ಅರಗು ಹಚ್ಚುವುದಕ್ಕೆ ಮುನ್ನ, ಕೆಂಪಾಗಲಿರುವ ಕಾಯಿಗೆ ಉಳಿಯ ಮೊನೆ ತಾಗಿಸಿ ಒಂದು ಗೀರು, ಹಸಿರಿಗೆ ಎರಡು, ಹಳದಿಗೆ ಮೂರು, ನೀಲಿಗೆ ನುಣ್ಣನೆಯ ಮೈ. ಹೊಸ ಯಂತ್ರ ಬೇಡ, ಹೊಸ ಮರ ಬೇಡ; ನುರಿತ ಕೈಗೆ ಅದು ಕ್ಷಣಮಾತ್ರದ ಕೆಲಸ. ಅಷ್ಟರಿಂದ ಅಂಧನೂ ಬಣ್ಣ ಕಾಣದವನೂ ತನ್ನ ಕಾಯಿಯನ್ನು ತಾನೇ ಗುರುತಿಸಿ ತಾನೇ ನಡೆಸಬಲ್ಲವನಾಗುತ್ತಾನೆ. ಮಣೆಯ ಮನೆಗಳು ಬರಿಯ ಬಣ್ಣದ ಚೌಕಗಳಾಗಿರದೆ ಬೆರಳು ಇಳಿಯುವಷ್ಟು ತಗ್ಗಾಗಿ, ಕಾಯಿಯ ಬುಡ ಅದರಲ್ಲಿ ಕೂರುವಂತಿದ್ದರೆ, ನಡುಗುವ ಕೈಯವರು ತಡವಿದರೂ ಆಟ ಚೆಲ್ಲಾಪಿಲ್ಲಿಯಾಗುವುದಿಲ್ಲ.

ವಸ್ತುವನ್ನು ತಿದ್ದುವುದು ಒಂದು ಹೆಜ್ಜೆ. ನಿಯಮವನ್ನು ತಿದ್ದುವುದು ಅದಕ್ಕಿಂತ ದೊಡ್ಡದು. ಇದರ ಅತ್ಯುತ್ತಮ ಉದಾಹರಣೆಯನ್ನು ಬೆಂಗಳೂರು ಹತ್ತಿರದಿಂದ ಕಂಡಿದೆ. ಜಿ.ಕೆ. ಮಹಾಂತೇಶರು 1997ರಲ್ಲಿ ಸ್ಥಾಪಿಸಿದ ಸಮರ್ಥನಂ ಸಂಸ್ಥೆಯ ಆಸರೆಯಲ್ಲಿ ಬೆಳೆದ ಅಂಧರ ಕ್ರಿಕೆಟ್ಟಿನ ಮೊದಲ ಟಿ-20 ವಿಶ್ವಕಪ್ 2012ರ ಡಿಸೆಂಬರಿನಲ್ಲಿ ನಡೆದದ್ದು ಆ ನಗರದಲ್ಲಿಯೇ, ಭಾರತ ಪಾಕಿಸ್ತಾನವನ್ನು ಸೋಲಿಸಿ ಗೆದ್ದದ್ದೂ ಅಲ್ಲಿಯೇ. ಚೆಂಡಿನೊಳಗೆ ಲೋಹದ ಗುಂಡುಗಳಿದ್ದು ಉರುಳಿದಂತೆಲ್ಲ ಸದ್ದಾಗುತ್ತದೆ. ಎಸೆಯುವವನು ತೋಳನ್ನು ಮೇಲೆತ್ತದೆ ನೆಲಕ್ಕೆ ತಗ್ಗಾಗಿ ಎಸೆಯುತ್ತಾನೆ. ಎಸೆಯುವ ಮುನ್ನ ಬಾಯಿಬಿಟ್ಟು ಕೂಗಿ ತಿಳಿಸಬೇಕು. ಇವೆಲ್ಲ ಊಹಿಸಬಹುದಾದ ಮಾರ್ಪಾಡುಗಳೇ. ಊಹೆಗೆ ಮೀರಿದ್ದು ಮುಂದಿನದು. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು, ಉಳಿದವರು ಅಲ್ಪಸ್ವಲ್ಪ ಕಾಣುವವರು. ಆ ಪೂರ್ಣ ಅಂಧ ಆಟಗಾರ ಹೊಡೆದ ಪ್ರತಿಯೊಂದು ರನ್ನೂ ಎರಡಾಗಿ ಎಣಿಕೆಯಾಗುತ್ತದೆ. ಇದರ ಸೂಕ್ಷ್ಮವನ್ನು ಗಮನಿಸಬೇಕು. ನಾಲ್ವರಿಗೆ ಸ್ಥಾನ ಮಾತ್ರ ಕೊಟ್ಟು ಬಿಟ್ಟಿದ್ದರೆ ತಂಡ ಅವರನ್ನು ಕೊನೆಯಲ್ಲಿ ಆಡಲು ಕಳಿಸಿ, ಬೌಂಡರಿಯ ಹತ್ತಿರ ನಿಲ್ಲಿಸಿ ಮರೆತುಬಿಡುತ್ತಿತ್ತು. ರನ್ನು ಎರಡಾಗುವುದೆಂದ ಕೂಡಲೇ ನಾಯಕನ ಲೆಕ್ಕಾಚಾರವೇ ಬದಲಾಗುತ್ತದೆ. ಗೆಲ್ಲಬೇಕಾದರೆ ಅವರು ಬೇಕು, ಅವರಿಗೆ ಅಭ್ಯಾಸ ಬೇಕು, ಅವರ ಹೊಡೆತ ಬಲಿಯಬೇಕು. ಅಲ್ಲಿ ಕರುಣೆಗೆ ಕೆಲಸವಿಲ್ಲ, ತಂಡದ ಸ್ವಾರ್ಥವೇ ಆ ಆಟಗಾರನನ್ನು ಬೆಳೆಸುತ್ತದೆ. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕರ್ನಾಟಕದವರಾದ ಟಿ.ಸಿ. ದೀಪಿಕಾ ಎಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು.

ಕಾಯಿದೆಯ ಕೊರತೆ ನಮಗಿಲ್ಲ. ಅಂಗವಿಕಲ ಮಕ್ಕಳಿಗೂ ಇತರ ಮಕ್ಕಳಿಗೆ ಸಮನಾಗಿ ಆಟಪಾಟಗಳಲ್ಲಿ ಪಾಲಿರಬೇಕೆಂದು ಸಾರುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿಯೇ ಅಂಗೀಕರಿಸಿದೆ. ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಅಧಿನಿಯಮ ಕ್ರೀಡೆಗೆ ಒಂದು ಕಲಮನ್ನೇ ಮೀಸಲಿಟ್ಟಿದೆ. 2011ರ ಜನಗಣತಿ ಕರ್ನಾಟಕದಲ್ಲಿ ಹದಿಮೂರು ಲಕ್ಷಕ್ಕೂ ಮೇಲ್ಪಟ್ಟು ಅಂಗವಿಕಲರನ್ನು ಎಣಿಸಿತು. ಇಷ್ಟಾದರೂ ಈ ಮಾತು ಬಂದಾಗಲೆಲ್ಲ ನಮ್ಮ ಆಡಳಿತದ ಮನಸ್ಸು ಹೋಗುವುದು ಮಾಸಾಶನ, ತ್ರಿಚಕ್ರ ವಾಹನ, ಶಾಲೆಯ ಮೆಟ್ಟಿಲ ಪಕ್ಕದ ಇಳಿಜಾರುಗಳ ಕಡೆಗೆ. ಅವು ಅಗತ್ಯವಾದವು; ಅವುಗಳನ್ನು ಕಿರಿದು ಮಾಡಿ ನುಡಿಯಲಾರೆ. ಆದರೆ ಶಾಲೆಗೆ ಬರಲಾರದೆ, ಮನೆಗೇ ಬಂದು ಕಲಿಸುವ ಶಿಕ್ಷಕರನ್ನು ಕಾದಿರುವ ಮಗು ಕನಕಪುರದ ಕಾಡಂಚಿನ ಹಳ್ಳಿಯಲ್ಲಿಯೂ ಇದೆ. ಆ ಶಿಕ್ಷಕರ ಚೀಲದಲ್ಲಿ ಪುಸ್ತಕದೊಡನೆ, ಆ ಮಗು ತನ್ನ ತಮ್ಮನನ್ನು ನಿಜವಾಗಿ ಸೋಲಿಸಬಲ್ಲ ಒಂದು ಆಟವೂ ಇದ್ದರೆ, ಶಿಕ್ಷಕರು ಹೊರಟುಹೋದ ಮೇಲೂ ಆ ಮನೆಯಲ್ಲಿ ಏನೋ ಒಂದು ನಡೆಯುತ್ತಲೇ ಇರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೊಳಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ತಳೆದ ಈ ಜಿಲ್ಲೆಗೆ, ಮಾಡುವ ಕೈಗಳೂ ಇವೆ, ಕೊಳ್ಳಬೇಕಾದ ಸಂಸ್ಥೆಗಳೂ ಇವೆ. ಆದ್ದರಿಂದ ಜಿಲ್ಲಾಡಳಿತದಲ್ಲಿ ನನ್ನ ಬಿನ್ನಹ ಇಷ್ಟು: ಚನ್ನಪಟ್ಟಣದ ಕಸುಬುದಾರರನ್ನೂ ದೃಷ್ಟಿಯಿಲ್ಲದ, ಕೈ ನಡುಗುವ, ಕಿವಿ ಕೇಳದ ಆಟಗಾರರನ್ನೂ ಒಂದೆಡೆ ಕೂರಿಸಿ, ಆಡಿಸಿ, ಅವರು ಒಪ್ಪಿದ ಗೀರುಕಾಯಿಯ ಮಣೆಯನ್ನು ಮಾಡಿಸಲಿ; ಎಲ್ಲ ತಾಲ್ಲೂಕುಗಳ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೂ ಸರ್ಕಾರಿ ಶಾಲೆಗಳಿಗೂ ಅದನ್ನು ಕೊಂಡು ಹಂಚಲಿ, ಬೆಲೆಯನ್ನು ಕಸುಬುದಾರರಿಗೆ ತಡವಿಲ್ಲದೆ ಸಲ್ಲಿಸಲಿ. ಹೆದ್ದಾರಿಯ ಅಂಗಡಿಯಲ್ಲಿ ನಿಂತು ಗೊಂಬೆ ಕೊಳ್ಳುವ ಓದುಗರಲ್ಲಿಯೂ ಒಂದು ಕೋರಿಕೆಯಿದೆ: ಕಣ್ಣುಮುಚ್ಚಿ ಆ ಕಾಯಿಗಳನ್ನು ಒಮ್ಮೆ ಬೆರಳಿನಿಂದ ಮುಟ್ಟಿನೋಡಿ, ಭೇದ ತಿಳಿಯದಿದ್ದರೆ ಗೀರು ಹಾಕಿದ ಕಾಯಿಗಳು ಬೇಕೆಂದು ಅಂಗಡಿಯವರನ್ನು ಕೇಳಿ.